ಜಾಸ್ತಿ ಆಯ್ತು

ಕಟ್ಟಿನಕೆರೆ ಮಾರ್ಕೆಟ್ಟಿನ ಮೂರನೇ ಸಾಲಿನಲ್ಲಿ
ಪುಟ್ಟಲಿಂಗಮ್ಮ ಕೂತಿದ್ದಾಳೆ, ಮುಂದೆ ಟೊಮೆಟೊ.
ಒಂದೊಂದನ್ನೂ ಸೆರಗಲ್ಲಿ ಒರೆಸಿ ಜೋಡಿಸಿದ್ದಾಳೆ
ಒಡವೆ ಅಂಗಡಿಯವರ ಹಾಗೆ.

'ಎಷ್ಟು?'
'ನೂರಿಪ್ಪತ್ತು.'
'ಕೇಜಿಗಾ?'
'ಇಲ್ಲ, ಜೋಡಿ ಎತ್ತಿಗೆ.'
ಅವಳ ನಾಲಿಗೆಯೇ ಹಾಗೆ.

ಕೈಲಿದ್ದ ಹಣ್ಣನ್ನು ಮೆಲ್ಲಗೆ ಕೆಳಗಿಟ್ಟು ಅಂದೆ:
ಜಾಸ್ತಿ ಆಯ್ತು.
ಅವ್ವನ ಓಲೆ ತಂಗಿಗೆ ಹೋಯಿತು,
ನನ್ನ ಪಾಲಿಗೆ ಬಂದದ್ದು ಈ ಎರಡು ಮಾತು,
ಜೊತೆಗೊಂದು ಶಾಸ್ತ್ರ:
ಅಂದಮೇಲೆ ನಡೆಯಬೇಕು, ತಿರುಗಿ ನೋಡಬಾರದು,
ಎಂಟನೇ ಹೆಜ್ಜೆಗೆ ಹಿಂದಿನಿಂದ ದನಿ ಬರುತ್ತದೆ,
'ಬಾರವ್ವ, ತಗೊಂಡೋಗು, ಬೋಣಿ ಟೈಮು.'

ಎಂಟಾಯಿತು. ಹನ್ನೆರಡಾಯಿತು.
ಕೊತ್ತಂಬರಿಯವನನ್ನು ದಾಟಿದೆ,
ಆಲೂಗಡ್ಡೆ ದಾಟಿದೆ (ನಮ್ಮೂರಿನದೇ,
ಅದಕ್ಕೂ ಈ ಸಲ ಪೊಗರು).
ತೆಂಗಿನಕಾಯಿ ರಾಶಿಯ ಹತ್ತಿರ
ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ
ನಿಂತೂ ನಿಂತೆ.
ಯಾರೂ ಕೂಗಲಿಲ್ಲ.

ಆವತ್ತಿಂದ ಹುಣಸೆಹಣ್ಣು. ಚಕ್ಕೋತ ಸೊಪ್ಪು. ಮಜ್ಜಿಗೆಹುಳಿ.
ಸಕಲೇಶಪುರದ ಬಸ್ಸಿನ ಕಂಡಕ್ಟರ್ ಧರಣಪ್ಪ
ಟವೆಲಿನಲ್ಲಿ ಕಟ್ಟಿ ತಂದ ಅಮಟೆಕಾಯಿ.
ಪಕ್ಕದ ಶಹತಾಜ್ ಮೊಸರಲ್ಲೇ ಕುರ್ಮಾ ಮುಗಿಸಿ
'ಸಾಯಲಿ ಬಿಡು ಅದು' ಅಂದಳು.
ಸಾಲಗಾಮೆ ರಸ್ತೆ ಹಿಂದಿನ ನಮ್ಮ ವಠಾರದಲ್ಲಿ
ಏಳು ಮನೆಯ ಸಾರಿಗೂ ಕೆಂಪು ನಿಂತುಹೋಯಿತು.
ಮೂರನೇ ವಾರ ನನ್ನ ಮಗ
ತಟ್ಟೆಯಲ್ಲಿ ಬೆರಳಾಡಿಸಿ ಕೇಳಿದ,
'ಅಮ್ಮಾ, ಯಾರ ಮೇಲೆ ಕೋಪ?'
ಉತ್ತರ ಇರಲಿಲ್ಲ. ಅನ್ನ ಬಡಿಸಿದೆ.

ನಾಲ್ಕನೇ ವಾರ ಬಾಗಿಲಲ್ಲಿ ಪುಟ್ಟಲಿಂಗಮ್ಮ,
ಕಂಕುಳಲ್ಲಿ ಹಸಿರು ರೇಷ್ಮೆ ತುಂಡು,
ತಂಗಿಮಗಳ ನಿಶ್ಚಿತಾರ್ಥಕ್ಕೆ.
ತರಕಾರಿ ಮುಂದಿಲ್ಲದೆ ಅವಳು
ಅಷ್ಟು ಕುಳ್ಳಿ ಅಂತ ಗೊತ್ತೇ ಇರಲಿಲ್ಲ.

'ಎಷ್ಟಾಗುತ್ತೆ?'
'ಲೈನಿಂಗ್ ಹಾಕಿ ಮುನ್ನೂರೈವತ್ತು.'
'ಒಂದು ರವಿಕೆಗಾ?'
ಎತ್ತಿನ ಮಾತು ನನ್ನ ತುಟಿತನಕ ಬಂತು, ನುಂಗಿದೆ.
'ಜಾಸ್ತಿ ಆಯ್ತು' ಅಂದಳು.

ದಾರದ ರೇಟು ಹೇಳಿದೆ, ಕರೆಂಟ್ ಬಿಲ್ ಹೇಳಿದೆ,
ರಾತ್ರಿ ಎತ್ತಲಾಗದ ಬಲಭುಜವನ್ನೂ ಹೇಳಿದೆ.
ಅವಳು ಮಂಡಿಯ ರೇಟು ಹೇಳಿದಳು, ಹಮಾಲಿ,
ಕೂತ ನೆಲಕ್ಕೆ ಕೊಡುವ ಬಾಡಿಗೆ,
ಬಾಕ್ಸಿನ ತಳದಲ್ಲಿ ಕೊಳೆತು ಬರುವ ಮೂರು ಕೇಜಿ.
ಇಬ್ಬರ ಲೆಕ್ಕವೂ ಸರಿಯಿತ್ತು.
ಅದೇ ಕಷ್ಟವಾದದ್ದು.

ಬಟ್ಟೆ ಮಡಚಿಕೊಂಡು ಹೊರಟಳು. ತಿರುಗಲಿಲ್ಲ.
ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ಎಣಿಸಿದೆ,
ಒಂದು, ಎರಡು, ಒಡೆದ ಎಡ ಹಿಮ್ಮಡಿ, ನಾಲ್ಕು,
ಎಂಟು.
ಗೇಟಿನ ಹತ್ತಿರ ಬಗ್ಗಿ
ಅವಳೂ ಚಪ್ಪಲಿ ಸರಿಮಾಡಿಕೊಂಡಳು.
ಕೂಗೋಣವೆಂದರೆ
ಬಾಯಿತುಂಬ ಗುಂಡುಸೂಜಿ.

ಆಮೇಲೆ ಮಳೆ ನಿಂತಿತು, ಲಾರಿ ಮೇಲೆ ಲಾರಿ ಬಂತು.
ಮೊನ್ನೆ ಮಂಗಳವಾರ ಮೂರನೇ ಸಾಲಿನಲ್ಲಿ
ಅದೇ ಟೊಮೆಟೊ, ಎದೆಮಟ್ಟ,
ಒರೆಸುವವರಿಲ್ಲ.
ದಾರಿಗೆ ಉರುಳಿದ್ದನ್ನು ಹಸುವೂ ಮೂಸಿ ಬಿಟ್ಟು ಹೋಗಿತ್ತು.

'ಎಷ್ಟು?'
'ಎಂಟು.'

ನಾನು ಅನ್ನಬೇಕೆಂದು ಅಂದದ್ದಲ್ಲ.
ಬ್ಯಾಗು ಬಿಚ್ಚಿ ಹಿಡಿದಾಗಿತ್ತು,
ಚಿಲ್ಲರೆ ಅಂಗೈಯಲ್ಲೇ ಇತ್ತು,
ಆದರೂ ಬಂತು, ಆಕಳಿಕೆಯ ಹಾಗೆ,
ಅವ್ವನ ದನಿಯಲ್ಲೇ ಬಂತು:
ಜಾಸ್ತಿ ಆಯ್ತು.

ಪುಟ್ಟಲಿಂಗಮ್ಮ ತಲೆಯೆತ್ತಿದಳು.
ತಕ್ಕಡಿ ಕೆಳಗಿಟ್ಟಳು,
ಎಲೆಅಡಿಕೆಯನ್ನು ದವಡೆಗೆ ಸರಿಸಿ ಅಂದಳು,
'ಸರಿ, ನಡಿ ಮತ್ತೆ.
ನಾನು ಎಣಿಸ್ತೀನಿ.'